ಡುಫಿಯೆ ಆಂಟಿಯ ತಲೆ, ಮಕ್ಕಳ ಪ್ರಾಜೆಕ್ಟು

"ತಲೆ ಅಲ್ಲಾಡಿಸ್ಬೇಡ ಕಣೇ, ಬೈತಲೆ ಸೊಟ್ಟಗಾದ್ರೆ ಆಮೇಲೆ ನನ್ನ ಬೈತೀಯ. ಏನ್ ಕೇಳ್ದೆ, ಕೈ ಏನಾಯ್ತು ಅಂತಾನಾ? ಕೇಳು ಕೇಳು. ಎಲ್ಲರೂ ಕೇಳ್ತಾರೆ, ಕೆಲವರು ಬಾಯಲ್ಲಿ, ಕೆಲವರು ಕಣ್ಣಲ್ಲಿ. ಹನ್ನೆರಡು ವರ್ಷ ಆಯ್ತು. ಮುಸುಕಿನ ಜೋಳ ಬೀಸಿಸ್ಕೊಂಡು ಬರೋಣ ಅಂತ ಗಿರಣಿಗೆ ಹೋಗಿದ್ದೆ. ಅಗಲ ತೋಳಿನ ಹೊಸ ಅಂಗಿ ಹಾಕ್ಕೊಂಡಿದ್ದೆ, ನಾಲ್ಕು ಜನ ನೋಡ್ಲಿ ಅಂತ. ಜನ ನೋಡೋಕೆ ಮುಂಚೆ ಗಿರಣಿ ಬೆಲ್ಟು ನೋಡ್ತು. ಅಷ್ಟೇ ಕತೆ. ಪಾಪ ಡುಫಿಯೆ, ಜಡೆ ಹೆಣೆಯೋಳಿಗೆ ಬಲಗೈಯೇ ಹೋದ್ಮೇಲೆ ಇನ್ನೇನಿದೆ, ಅಂಗಡಿ ಮುಚ್ತಾಳೆ ಅಂದ್ರು ಜನ. ನಾನ್ಯಾಕೆ ಮುಚ್ಲಿ? ಬಾಯಿ ಇತ್ತಲ್ಲ! ಈಗ ನೋಡು, ನಿನ್ನ ತಲೇಲಿ ಓಡಾಡ್ತಿರೋದು ನನ್ನ ಶಿಷ್ಯೆ ಅಚಿಯಾ ಬೆರಳು, ಆದ್ರೆ ಹೆಣೀತಿರೋದು ನಾನು. ಆಸ್ಪತ್ರೆಯವರು ಒಂದು ರಬ್ಬರ್ ಕೈ ಕೊಟ್ಟಿದ್ರು. ಅದರ ಬಣ್ಣ ನೋಡ್ಬೇಕಿತ್ತು ನೀನು, ಜ್ವರ ಬಂದಿರೋ ಬಿಳಿ ಹೆಂಗಸಿನ ಕೈ ಇದ್ದಂಗಿತ್ತು. ಸಾವಿನ ಕಾರ್ಯ ಅಂದ್ರೆ ನಮ್ಮಲ್ಲಿ ಶನಿವಾರ ತಾನೇ, ಅದನ್ನೇ ಕಟ್ಕೊಂಡು ನಮ್ಮ ದೊಡ್ಡಪ್ಪನ ಕಾರ್ಯಕ್ಕೆ ಹೋದೆ. ಎಲ್ಲಾ ಸಾಲಾಗಿ ಕೂತಿದ್ರು. ಬಲದಿಂದ ಎಡಕ್ಕೆ ಒಬ್ಬೊಬ್ಬರಿಗೂ ಕೈ ಕೊಟ್ಕೊಂಡು ಹೋಗ್ಬೇಕಲ್ಲ, ಮೊದಲನೇ ಕುರ್ಚೀಲಿ ಮನೆತನದ ಹಿರಿಯಜ್ಜ. ದುಃಖ ಜಾಸ್ತಿ ಆಗಿತ್ತೋ ಏನೋ, ಗಟ್ಟಿಯಾಗಿ ಹಿಡ್ಕೊಂಡು ಎಳೆದ. ನಾನು ಎರಡನೇ ಕುರ್ಚಿಗೆ ಬಂದೆ, ಕೈ ಮೊದಲನೇ ಕುರ್ಚೀಲೇ ಉಳೀತು! ಆ ಮುದುಕ ಅದನ್ನ ಏನ್ ಮಾಡೋದು ಅಂತ ತೋಚದೆ, ತೊಡೆ ಮೇಲೆ ಇಟ್ಕೊಂಡು ಸಂಜೆವರೆಗೂ ಕೂತಿದ್ದ. ಆವತ್ತಿಂದ ನಾನು ಸಾಲಿಗೆ ಹೋಗಲ್ಲ. ಅಚಿಯಾನ ಕಳಿಸ್ತೀನಿ. ಅವಳು ಕೈ ಕೊಟ್ಟು, 'ಇದು ಮೇಡಮ್ಮಂದು' ಅಂತಾಳೆ. ಹಿಂಭಾಗ ಬಿಗಿಯಾಯ್ತೇನೇ? ಅಚಿಯಾ, ಸ್ವಲ್ಪ ಸಡ್ಲ ಬಿಡು."

ಇದನ್ನು ಕೇಳುತ್ತ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದವಳು ಸೆಚಿವಾ. ಕುಮಾಸಿ ನಗರದ ಅಯೆಡುವಾಸೆ ಕೇರಿಯಲ್ಲಿ, ವಿಶ್ವವಿದ್ಯಾಲಯದ ಹಿಂದಿನ ಗೇಟಿಗೆ ಎದುರಾಗಿ, ತಗಡಿನ ಮಾಡಿನ ಕೆಳಗೆ ಡುಫಿಯೆಯ ಜಡೆ ಅಂಗಡಿ. ದೇಹಕ್ಕೆ ಬೇಕಾಗುವ ಯಂತ್ರಗಳ ಓದಿನಲ್ಲಿ ಸೆಚಿವಾ ಕೊನೆಯ ವರ್ಷದವಳು. ಅವಳ ತಲೆ ಮುಗಿಯಲು ಆರು ಗಂಟೆ ಬೇಕಿತ್ತು, ಆದರೆ ಅವಳ ಗುಂಪು ಯಾವ ಪ್ರಾಜೆಕ್ಟು ಮಾಡುತ್ತದೆಂದು ಅಂದೇ ಸಂಜೆಯೊಳಗೆ ಹೇಳಬೇಕಿತ್ತು. ಹಾಗಾಗಿ ಗುಂಪಿನ ಇಬ್ಬರು ಹುಡುಗರೂ ಜಗಳ ಸಮೇತ ಅಂಗಡಿಗೇ ಬಂದು ಬೆಂಚಿನ ಮೇಲೆ ಕೂತಿದ್ದರು.

ಒಬ್ಬ ಫೀಫಿ, ಕಡಲತೀರದ ಕಡೆಯವನು. ಸುಟ್ಟ ಬಾಳೆಕಾಯಿ, ಕಡಲೆಕಾಯಿಯ ಪೊಟ್ಟಣ ಹಿಡಿದುಕೊಂಡಿದ್ದ. ಇನ್ನೊಬ್ಬ ಯಾಕುಬು, ಉತ್ತರದ ತಮಾಲೆಯವನು. ಅವನ ಅಪ್ಪ ಗಿನಿಕೋಳಿ ಸಾಕುತ್ತಿದ್ದರು.

"ಮೆದುಳು ಹೇಳಿದ್ ಕೂಡ್ಲೇ ಆಡೋ ಕೈ," ಎಂದಳು ಸೆಚಿವಾ, ಕತ್ತು ತಿರುಗಿಸಲಾಗದೆ ಗೋಡೆಗೇ ಹೇಳುವವಳ ಹಾಗೆ. "ತಲೆ ಮೇಲೆ ತಂತಿ ಕಟ್ಟಿದ ಲೋಹದ ಬಿಲ್ಲೆ ಇಟ್ರೆ, ಕೈ ಆಡಿಸ್ಬೇಕು ಅಂತ ಯೋಚನೆ ಮಾಡ್ತಿದ್ದಂಗೆ ಒಳಗಿನ ಮಿಡಿತ ಬದಲಾಗುತ್ತೆ. ಅದನ್ನ ಹಿಡಿದು ಕೈಗೆ ಕಳಿಸೋದು."

"ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆ," ಎಂದ ಯಾಕುಬು. "ಕರೆಂಟ್ ಹೋದ್ರೂ ಬೆಚ್ಚಗಿರೋದು. ಮರಿ ಹೊರಗೆ ಬಂದ್ರೆ ಕಣ್ಣಿಗೆ ಕಾಣುತ್ತೆ. ಯೋಚನೆ ಯಾರಿಗೆ ಕಾಣುತ್ತೆ?"

"ಯಾವುದ್ರಲ್ಲಿ ಬರೆಯೋದು ಕಮ್ಮಿ ಇದೆಯೋ ಅದಕ್ಕೆ ನನ್ನ ಓಟು," ಎಂದ ಫೀಫಿ.

ಡುಫಿಯೆ ಬಾಲದ ಬಾಚಣಿಗೆಯನ್ನು ಎಡಗೈಯಲ್ಲಿ ಹಿಡಿದು ಅಚಿಯಾಳಿಗೆ ಸಾಲು ತೋರಿಸುತ್ತಿದ್ದವಳು ನಿಲ್ಲಿಸಿದಳು. "ಆ ಕೈ ಇದೆಯಲ್ಲ, ಯಾರಾದ್ರೂ ಹಿಡಿದ್ರೆ ತಿರುಗಿ ಹಿಡಿಯುತ್ತಾ?"

"ಹಿಡಿಯುತ್ತೆ ಆಂಟಿ."

"ಬಿಡು ಅಂದ್ರೆ ಬಿಡುತ್ತಾ?"

"ನೀವು ಮನಸ್ಸಲ್ಲಿ ಅಂದ್ಕೊಂಡ್ರೆ ಬಿಡುತ್ತೆ." ಸೆಚಿವಾಳ ಕಣ್ಣು ಅರಳಿತು. "ಮತ್ತೆ ನೀವೇ ಜಡೆ ಹೆಣೀಬೋದು ಆಂಟಿ!"

"ಹೆಣೆಯೋಕೆ ಅಚಿಯಾದು ಹತ್ತು ಬೆರಳಿದೆ, ಸಾಕು. ಕೈ ಕುಲುಕೋಕೆ ಬೇರೆಯವರ ಬೆರಳು ಆಗಿಬರಲ್ಲ ಕಣಮ್ಮ."

ಅಷ್ಟು ಹೇಳಿ ಮಾತು ತೇಲಿಸಿಬಿಟ್ಟಳು. ಆದರೆ ಅವಳಿಗೆ ಅದು ತೇಲುವ ಮಾತಾಗಿರಲಿಲ್ಲ. ಆ ಊರಿನಲ್ಲಿ ಎಡಗೈಯಿಂದ ಏನನ್ನಾದರೂ ಕೊಟ್ಟರೆ ಮುಖಕ್ಕೆ ಹೊಡೆದಂತೆ. ಹನ್ನೆರಡು ವರ್ಷದಿಂದ ಡುಫಿಯೆ ಕನ್ನಡಿ ಕೊಟ್ಟರೂ, ಚೌರಿ ಕೊಟ್ಟರೂ, ನೀರು ಕೊಟ್ಟರೂ "ಎಡಗೈ, ಬೇಜಾರ್ ಮಾಡ್ಕೋಬೇಡಿ" ಎಂದು ಸೇರಿಸಿಯೇ ಕೊಡುತ್ತಿದ್ದಳು. ಮಾತಿಗೇನೂ ಕೊರತೆಯಿರಲಿಲ್ಲ ಅವಳಿಗೆ, ಆದರೆ ಆ ಒಂದು ಮಾತು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಸಾವಿನ ಮನೆಯಲ್ಲಿ ಎಲ್ಲರ ಜೊತೆ ಸಾಲಿಗೆ ಹೋಗಿ, ತನ್ನ ಕೈಯನ್ನೇ ಕೊಟ್ಟು ಬರಬೇಕೆಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಈಗ ಕೇಳಿದ್ದೂ ನಗುತ್ತಲೇ ಆದ್ದರಿಂದ ಅದು ಆಸೆಯೆಂದು ಯಾರಿಗೂ ಗೊತ್ತಾಗಲಿಲ್ಲ.

"ಪರೀಕ್ಷೆ ಮಾಡೋಕೆ ಒಂದು ತಲೆ ಬೇಕಲ್ವಾ ನಿಮಗೆ?" ಎಂದಳು. "ಇದನ್ನ ತಗೊಳ್ಳಿ. ಊರವರ ತಲೆ ನೋಡ್ತಾ ಇದಕ್ಕೂ ಬೇಜಾರಾಗಿದೆ."

ಬಾಳೆಕಾಯಿ ಮುಗಿಸಿದ ಫೀಫಿ ಕೈಗೆ ಓಟು ಹಾಕಿದ. ಆಂಟಿ ಇದ್ದಲ್ಲಿ ಹೊತ್ತು ಹೋಗುತ್ತದೆ, ಗಿನಿಕೋಳಿ ಮಾತಾಡುವುದಿಲ್ಲ, ಎಂಬುದು ಅವನ ಲೆಕ್ಕ.

ಬುಧವಾರ ಅವರ ಮೇಷ್ಟ್ರು ಡಾಕ್ಟರ್ ಬೊನ್ಸು ಪ್ರಯೋಗಶಾಲೆಯ ಬಾಗಿಲು ತೆರೆದು ಒಂದೇ ಷರತ್ತು ಹಾಕಿದರು. ಶುಕ್ರವಾರ ಮಧ್ಯಾಹ್ನದೊಳಗೆ ಈ ಕೆಲಸ ಆಗುವಂಥದ್ದು ಎಂಬುದಕ್ಕೆ ಒಂದು ಗುರುತು ತೋರಿಸಬೇಕು. ತೋರಿಸದಿದ್ದರೆ ಮೊಟ್ಟೆ ಪೆಟ್ಟಿಗೆ.

"ಕೈ ಎಲ್ಲಿ?" ಎಂದು ಡುಫಿಯೆ ಕೋಣೆಯೆಲ್ಲ ನೋಡಿದಳು.

"ಕೈ ಇನ್ನೂ ಇಲ್ಲ ಆಂಟಿ," ಎಂದಳು ಸೆಚಿವಾ. "ಮೊದಲು ದೀಪ. ನೀವು ಬಲಗೈ ಮುಚ್ಚೋ ಹಾಗೆ ಯೋಚನೆ ಮಾಡಿದ್ರೆ ಈ ಕೆಂಪು ದೀಪ ಹತ್ಬೇಕು."

"ನಾನು ಕೈ ಕೇಳ್ದೆ, ನೀವು ದೀಪ ಕೊಡ್ತೀರ. ಇರ್ಲಿ, ಹಾಕಿ ನಿಮ್ಮ ಟೋಪಿ."

ಟೋಪಿ ಹೊರದೇಶದಿಂದ ಬಂದದ್ದು, ತುಂಬ ಬಿಲ್ಲೆಗಳಿದ್ದವು. ಒಂದೊಂದು ಬಿಲ್ಲೆಯೂ ತಲೆಯ ಚರ್ಮಕ್ಕೆ ತಾಗಬೇಕಂತೆ. ಡುಫಿಯೆಯ ತಲೆಯ ಮೇಲೋ ಅಂಗಡಿಗೇ ಬೋರ್ಡು ಹಾಕಿದಂಥ ಜಡೆ ಗೋಪುರ, ಒಳಗೆ ಎರಡು ಕಂತೆ ಚೌರಿ. ಫೀಫಿ ಒತ್ತಿದ, ಸೆಚಿವಾ ಎಳೆದಳು. ಟೋಪಿ ಮಡಕೆಯ ಮೇಲಿಟ್ಟ ತಟ್ಟೆಯ ಹಾಗೆ ಮೇಲೇ ನಿಂತಿತು. ಜಡೆ ಬಿಚ್ಚಿ ನೋಡಿದರು. ಬಿಚ್ಚಿದ ಕೂದಲು ದಟ್ಟ ಪೊದೆಯ ಹಾಗೆ ಎದ್ದು ಟೋಪಿಯನ್ನು ಇನ್ನೂ ಮೇಲಕ್ಕೆ ನೂಕಿತು. ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳು ಮುಂಗಾರಿನ ಮಿಂಚಿನಂತೆ ಕುಣಿದವು.

"ಇದು ಮೆದುಳಲ್ಲ, ಕೂದಲು ಮಾತಾಡ್ತಿದೆ," ಎಂದರು ಡಾಕ್ಟರ್ ಬೊನ್ಸು. "ನುಣುಪು ಕೂದಲಿನವರಿಗೆ ಮಾಡಿದ ಟೋಪಿ ಇದು. ನಮ್ಮ ತಲೆ ಅಂದ್ರೆ ಇದಕ್ಕೆ ಆಗಿಬರಲ್ಲ."

"ಬೋಳಿಸಿಬಿಟ್ರೆ ಮುಗೀತಲ್ಲ," ಎಂದ ಫೀಫಿ.

ಡುಫಿಯೆ ಅವನತ್ತ ಪೂರ್ತಿ ತಿರುಗಿದಳು. "ಯಾರ ತಲೇನೋ? ನನ್ನದಾ? ನಾಳೆ ನಾನು ಬೋಳು ತಲೇಲಿ ಬೀದಿಗೆ ಬಂದ್ರೆ, ಸಂಜೆಯೊಳಗೆ ಅರ್ಧ ಊರು ಸಾವಿನ ಕೆಂಪು ಕಪ್ಪು ಬಟ್ಟೆ ಉಟ್ಕೊಂಡು ಅಂಗಡಿ ಮುಂದೆ ನಿಂತಿರುತ್ತೆ, ಯಾರು ಹೋದ್ರು ಅಂತ ಕೇಳ್ಕೊಂಡು. ಏನ್ ಹೇಳ್ಲಿ? ಫೀಫಿಯ ಬುದ್ಧಿ ತೀರ್ಕೊಳ್ತು ಅನ್ಲಾ? ಅಲ್ಲ, ಜಡೆ ಹೆಣೆಯೋಳ ತಲೇಲೇ ಕೂದಲಿಲ್ಲ ಅಂದ್ರೆ ಯಾವಳು ತನ್ನ ತಲೆ ನನ್ನ ಕೈಗೆ ಕೊಡ್ತಾಳೆ?"

ಫೀಫಿ ಕಡಲೆಕಾಯಿ ಹುಡುಕುವವನಂತೆ ಜೇಬು ತಡಕಿದ. ಮೂಲೆಯಲ್ಲಿ ಯಾಕುಬು ಆಗಲೇ ಹಾಳೆಯ ಮೇಲೆ ಪೆಟ್ಟಿಗೆ ಬರೆದು, ಅದರೊಳಗೆ ದುಂಡಗೆ ಮೊಟ್ಟೆಗಳನ್ನು ಜೋಡಿಸುತ್ತಿದ್ದ. ಸೆಚಿವಾ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ತುಟಿ ಕಚ್ಚಿ ಕೂತಳು.

ಡುಫಿಯೆ ಟೋಪಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಬಿಲ್ಲೆಗಳು ನೆಟ್ಟ ಸಸಿಗಳ ಹಾಗೆ ಸಾಲಾಗಿದ್ದವು. ಒಳಗೆ ಏನೋ ಮಿನುಗಿತು ಅವಳಿಗೆ.

"ಬಿಲ್ಲೆ ಎಲ್ಲೆಲ್ಲಿ ಕೂರ್ಬೇಕು ಅಂತ ಒಂದು ಹಾಳೇಲಿ ಚುಕ್ಕಿ ಇಟ್ಟು ಕೊಡಿ," ಎಂದಳು. "ನಿಮ್ಮ ಟೋಪಿಗೆ ತಕ್ಕ ತಲೆ ಹುಡುಕ್ತಾ ಕೂತಿದ್ದೀರಲ್ಲ. ನನ್ನ ಕಸುಬು ಏನು ಅಂತ ಮರೆತ್ರಾ?"

ಗುರುವಾರ ಬೆಳಿಗ್ಗೆ ಡುಫಿಯೆ ಗಿರಾಕಿಯ ಹಾಗೆ ತನ್ನದೇ ಅಂಗಡಿಯ ಗಿಡ್ಡ ಸ್ಟೂಲಿನ ಮೇಲೆ ಕೂತಳು. ಮುಂದೆ ಚುಕ್ಕಿಯ ಹಾಳೆ. ಪ್ರತಿ ಚುಕ್ಕಿಯೂ ಎರಡು ಜಡೆಗಳ ನಡುವಿನ ಬೈತಲೆಯ ಮೇಲೇ ಬೀಳಬೇಕು, ಜಡೆಗಳು ಚರ್ಮಕ್ಕೆ ಅಂಟಿ ಸಾಲು ಹಿಡಿದು ಓಡಬೇಕು. ಹೊಲದಲ್ಲಿ ಬದುವೂ ನಡುವೆ ಕಾಲ್ದಾರಿಯೂ ಇರುತ್ತವಲ್ಲ, ಹಾಗೆ. ಬಿಲ್ಲೆ ನಡೆಯಬೇಕಾದದ್ದು ಕಾಲ್ದಾರಿಯಲ್ಲಿ.

ಆದರೆ ಬೇರೆಯವರ ತಲೆಯನ್ನಾದರೆ ಕಣ್ಣಾರೆ ನೋಡಿ ಹೇಳಬಹುದು. ಸ್ವಂತ ತಲೆಯನ್ನು ಹೇಗೆ ನೋಡುವುದು? ಕನ್ನಡಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ, ಅಚಿಯಾ ಎರಡು ಸಲ ತಪ್ಪು ಹೆಣೆದು ಬಿಚ್ಚಿದಳು.

"ಕನ್ನಡಿ ಆಚೆ ಇಡು," ಎಂದು ಡುಫಿಯೆ ಕಣ್ಣು ಮುಚ್ಚಿದಳು. "ಬಾಚಣಿಗೆ ಬಾಲ ತಲೆ ಮೇಲೆ ಊರು. ಹ್ಞಾಂ, ಅಲ್ಲಿಂದ ಕಿವಿ ಕಡೆಗೆ ಜಾರ್ಸು. ನಿಲ್ಲು. ಒಂದು ಜೋಳದ ಕಾಳಿನಷ್ಟು ಹಿಂದಕ್ಕೆ."

"ಜೋಳದ ಕಾಳಲ್ಲ ಮೇಡಮ್, ಸೆಂಟಿಮೀಟರ್ ಅಂತೆ," ಎಂದಳು ಅಚಿಯಾ.

ಅಳತೆಯ ಟೇಪು ಹಿಡಿದು ನಿಂತಿದ್ದವನು ಯಾಕುಬು. ಪ್ರಾಜೆಕ್ಟು ತನಗೆ ಇಷ್ಟವಿಲ್ಲದಿದ್ದರೂ ಅಳತೆಯನ್ನು ಬೇರೆಯವರ ಕೈಗೆ ಕೊಡುವುದು ಅವನಿಂದಾಗದು. ಮೂಗಿನ ಬುಡದಿಂದ ಹಿಂದಲೆಯವರೆಗೆ ಅಳೆದು, ಬಿಳಿ ಪೆನ್ಸಿಲಿನಲ್ಲಿ ಚುಕ್ಕಿ ಇಡುತ್ತಿದ್ದ.

"ನೋಡ್ಕೊಂಡು ಇಡಯ್ಯಾ," ಎಂದು ಅಚಿಯಾ ಕೆಣಕಿದಳು. "ಗಿನಿಕೋಳಿ ಮೈ ಮೇಲಿನ ಚುಕ್ಕಿ ಅಲ್ಲ ಇದು, ಸಿಕ್ಕಸಿಕ್ಕಲ್ಲಿ ಇಡೋಕೆ."

"ಗಿನಿಕೋಳಿ ಇಷ್ಟು ಮಾತಾಡಲ್ಲ," ಎಂದ ಯಾಕುಬು.

"ಎಡಗಡೆ ಕಿವಿ ಮೇಲಿನ ಸಾಲು ಜೋಪಾನ," ಎಂದಳು ಸೆಚಿವಾ. "ಬಲಗೈ ಯೋಚನೆ ತಲೆಯ ಎಡಭಾಗದಲ್ಲಿ ಆಗುತ್ತೆ ಆಂಟಿ."

ಡುಫಿಯೆ ಕಣ್ಣು ಮುಚ್ಚಿಕೊಂಡೇ ನಕ್ಕಳು. "ನೋಡಿದ್ಯಾ? ಬಲಗೈಗೂ ಎಡದ ಹಂಗು ತಪ್ಪಿಲ್ಲ. ನಾನೊಬ್ಬಳೇ ಎಲ್ಲರ ಹತ್ರ ಕ್ಷಮೆ ಕೇಳ್ತಾ ಇದ್ದೆ!"

ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಬೈತಲೆಗಳು ಸೂಜಿಯಲ್ಲಿ ಗೀರಿದಷ್ಟು ನೇರ. ಚುಕ್ಕಿಗಳೆಲ್ಲ ಬಯಲಿನಲ್ಲಿ ಕಾಣುತ್ತಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು, ಇದ್ಯಾವ ಹೊಸ ಮಾದರಿ, ನಮಗೂ ಹಾಕು ಎಂದರು. ಸೆಚಿವಾ ಕುಣಿದಳು.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಡುಫಿಯೆಯೂ ಅಚಿಯಾಳೂ ಪ್ರಯೋಗಶಾಲೆಗೆ ಹೋದರು. ಟೋಪಿ ಕೈಗವಸಿನ ಹಾಗೆ ಕೂತಿತು. ಬಿಲ್ಲೆಗಳ ಕೆಳಗೆ ಅಂಟು ಹಚ್ಚಿದರು. ಕಂಪ್ಯೂಟರ್ ಚಾಲೂ ಮಾಡಿದರು. ಗೆರೆಗಳು ಬುಧವಾರದಂತೆಯೇ ಮಿಂಚಿ ಕುಣಿದವು.

ಸೆಚಿವಾ ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಡಾಕ್ಟರ್ ಬೊನ್ಸು ಗಡಿಯಾರ ನೋಡಿದರು. ಇನ್ನು ಒಂದೂವರೆ ಗಂಟೆ ಇತ್ತು.

ಯಾಕುಬು ಹತ್ತಿರ ಬಂದು ಡುಫಿಯೆಯ ತಲೆಯ ಮೇಲೆ ಬಾಗಿ ಮೂಸಿ ನೋಡಿದ. "ಆಂಟಿ, ಶಿಯಾ ಬೀಜದ ಬೆಣ್ಣೆ ಹಚ್ಚಿದ್ದೀರಾ?"

ಡುಫಿಯೆ ಬೆಪ್ಪಾದಳು. ದೊಡ್ಡ ಓದಿನವರ ಮುಂದೆ ಹೋಗುವಾಗ ತಲೆ ಒಣಗಿಸಿಕೊಂಡು ಹೋಗುವುದುಂಟೇ? ಬೆಳಿಗ್ಗೆ ಎದ್ದು ಅಚಿಯಾಳ ಕೈಯಲ್ಲಿ ಒಂದು ಬೈತಲೆಯನ್ನೂ ಬಿಡದೆ ಬೆಣ್ಣೆ ತಿಕ್ಕಿಸಿಕೊಂಡಿದ್ದಳು, ಫಳಫಳ ಹೊಳೆಯಲಿ ಎಂದು. ಜಡೆ ಮುಗಿದ ಮೇಲೆ ಬೆಣ್ಣೆ ಹಚ್ಚದೆ ಯಾರನ್ನೂ ಅಂಗಡಿಯಿಂದ ಕಳಿಸಿದವಳಲ್ಲ.

"ನಮ್ಮಮ್ಮ ಮಾರೋದೇ ಅದನ್ನ," ಎಂದ ಯಾಕುಬು. "ಬೆಣ್ಣೆ ಇದ್ದಲ್ಲಿ ನೀರು ನಿಲ್ಲಲ್ಲ, ಅಂಟು ಎಲ್ಲಿ ನಿಲ್ಲುತ್ತೆ?"

ಫೀಫಿ ಅವನ ಪಕ್ಕೆ ತಿವಿದ. "ಹೇಳದೆ ಸುಮ್ನಿದ್ದಿದ್ರೆ ಮಧ್ಯಾಹ್ನ ಮೊಟ್ಟೆ ಪೆಟ್ಟಿಗೆ ನಿನ್ನದಾಗ್ತಿತ್ತಲ್ಲೋ ಪೆದ್ದ!"

"ಅಳತೆ ನಾನು ಹಾಕಿದ್ದು," ಎಂದ ಯಾಕುಬು ಸಿಟ್ಟಿನಿಂದ. "ನನ್ನ ಚುಕ್ಕಿ ತಪ್ಪು ಅಂತ ಆಗ್ಬಾರ್ದು."

ನಲ್ಲಿಯ ಕೆಳಗೆ ಡುಫಿಯೆಯ ತಲೆ ಬಗ್ಗಿಸಿ, ಪಾತ್ರೆ ತೊಳೆಯುವ ಸೋಪಿನಲ್ಲಿ ಅಚಿಯಾ ಬೈತಲೆ ಬೈತಲೆಯನ್ನೂ ತಿಕ್ಕಿದಳು. ಒರೆಸಿ, ಒಣಗಿಸಿ, ಮತ್ತೆ ಟೋಪಿ. ಈ ಸಲ ಗೆರೆಗಳು ತಣ್ಣಗಾದವು. ಸಣ್ಣ ಅಲೆಗಳು, ಕೆರೆಯ ಮೇಲೆ ಗಾಳಿ ಆಡಿದ ಹಾಗೆ.

"ಇದೇ ನೋಡಿ ನಿಮ್ಮ ಮೆದುಳು," ಎಂದರು ಡಾಕ್ಟರ್.

"ಅಯ್ಯೋ, ಇಷ್ಟೇನಾ? ನಾನು ಏನೋ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ," ಎಂದಳು ಡುಫಿಯೆ. ಅಲೆಗಳೆಲ್ಲ ಚಂಡಮಾರುತವಾದವು, ಕೆಂಪು ದೀಪ ಪಕಪಕ ಹತ್ತಿತು. ಸೆಚಿವಾ ಕಿರುಚಿದಳು.

"ಸಂತೋಷ ಬೇಡ," ಎಂದರು ಡಾಕ್ಟರ್. "ಇದು ಮೆದುಳಲ್ಲ, ದವಡೆ. ಮಾತಾಡಿದ್ರೆ ದವಡೆ ಆಡುತ್ತೆ, ಗೆರೆ ಹಾರುತ್ತೆ. ಹತ್ತು ನಿಮಿಷ ತುಟಿ ಅಲ್ಲಾಡಬಾರದು ಆಂಟಿ. ನಗಬಾರದು, ಹಲ್ಲು ಕಚ್ಚಬಾರದು. ಕೈ ಬಗ್ಗೆ ಮಾತ್ರ ಯೋಚನೆ ಮಾಡ್ಬೇಕು."

ಅಚಿಯಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಹತ್ತು ನಿಮಿಷ ಮೇಡಮ್ ಸುಮ್ನಿರ್ಬೇಕಾ? ಆಗಲ್ಲ ಸಾರ್. ಬೇರೆ ಏನಾದ್ರೂ ಕೇಳಿ. ನಿದ್ದೇಲೂ ನನಗೆ ಜಡೆ ಹೇಳಿಕೊಡ್ತಾರೆ."

ಅವಳಿಗೆ ಕೊಡಬೇಕಾದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಡುಫಿಯೆ ನುಂಗಿದಳು. ಬಾಯಿ ಮುಚ್ಚಿದಳು. ಕೈ ಹೋದ ದಿನದಿಂದ ಬಾಯಿಯೇ ಅವಳ ಕೈಯಾಗಿತ್ತು. ಅದನ್ನೂ ಕಟ್ಟಿಟ್ಟ ಮೇಲೆ ಕುರ್ಚಿಯಲ್ಲಿ ತಾನು ಏನೂ ಇಲ್ಲದವಳಂತೆ ಅನ್ನಿಸಿತು.

ಹತ್ತು ಸಲ ಬೆರಳೆತ್ತುತ್ತೇನೆ, ಎತ್ತಿದಾಗೆಲ್ಲ ಬಲಗೈ ಮುಚ್ಚಿದ ಹಾಗೆ ನೆನೆಸಿಕೊಳ್ಳಿ ಎಂದರು ಡಾಕ್ಟರ್. ಲೆಕ್ಕಕ್ಕೆ ಹಿಡಿಯುವ ಮುಂಚೆ ರೂಢಿಯಾಗಲಿ ಎಂದು ಸೆಚಿವಾ, "ಚೆಂಡು ಹಿಡಿದಂಗೆ ಅಂದ್ಕೊಳ್ಳಿ ಆಂಟಿ," ಎಂದಳು. ಚೆಂಡು ನೆನೆಸಿಕೊಂಡಳು. ದೀಪ ಹತ್ತಲಿಲ್ಲ. ಚಮಚ ನೆನೆಸಿಕೊಂಡಳು. ಹತ್ತಲಿಲ್ಲ. ಚೆಂಡು ಆಡಿ ಅವಳಿಗೆ ಗೊತ್ತಿರಲಿಲ್ಲ, ಚಮಚದಲ್ಲಿ ಊಟ ಮಾಡಿದವಳಲ್ಲ.

ಕೆಲವು ಬೆಳಿಗ್ಗೆ ಎದ್ದಾಗ ಇಲ್ಲದ ಆ ಕೈ ಜುಮ್ಮೆನ್ನುತ್ತಿತ್ತು, ತಾನಿನ್ನೂ ಇದ್ದೇನೆಂಬಂತೆ. ಡುಫಿಯೆ ಅದನ್ನು ಹುಡುಕಿಕೊಂಡು ಹೋದಳು. ಸಿಕ್ಕಿತು, ಮೊಣಕೈಗೂ ಆಚೆ ಎಲ್ಲೋ, ಹಗುರಾಗಿ. ಅದನ್ನು ಕರೆದುಕೊಂಡು ಶನಿವಾರದ ಸಾಲಿನ ಮುಂದೆ ನಿಂತಳು. ಮೊದಲ ಕುರ್ಚಿಯ ಹತ್ತಿರ ಹೋಗಿ ಕೈ ಚಾಚಿದಳು. ಡಾಕ್ಟರ್ ಬೆರಳೆತ್ತಿದರು. ಎದುರಿನ ಅಂಗೈಯ ಬಿಸಿ ತಾಗಿತು, ಹಿಡಿದಳು. ಬಿಟ್ಟಳು. ಎರಡನೆಯ ಕುರ್ಚಿಗೆ ಬಂದಳು. ಕಣ್ಣು ಮುಚ್ಚಿದ್ದರಿಂದ ಅವಳಿಗೆ ದೀಪ ಕಾಣಲಿಲ್ಲ. ಯಾರೋ ಉಸಿರು ಒಳಗೆಳೆದದ್ದು ಮಾತ್ರ ಕೇಳಿಸಿತು. ಹಿಡಿದಳು, ಬಿಟ್ಟಳು. ಹನ್ನೆರಡು ವರ್ಷದಿಂದ ಕೈ ಕೊಡದೆ ಉಳಿದವರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು.

"ಆಯ್ತು, ಇನ್ನು ಮಾತಾಡ್ಬೋದು," ಎಂದರು ಡಾಕ್ಟರ್.

ಡುಫಿಯೆ ಕಣ್ಣು ಬಿಟ್ಟಳು. ಸೆಚಿವಾಳ ಕೆನ್ನೆ ಒದ್ದೆಯಾಗಿತ್ತು. ಫೀಫಿ ಹಾಳೆ ಎತ್ತಿ ಹಿಡಿದಿದ್ದ. ಹತ್ತರಲ್ಲಿ ಏಳು.

"ಮೂರು ಸಲ ಯಾಕೆ ಹತ್ತಲಿಲ್ಲ?" ಎಂದು ಡಾಕ್ಟರ್ ತಮ್ಮಷ್ಟಕ್ಕೇ ಕೇಳಿಕೊಂಡರು. "ಅಂಟು ಒಣಗ್ತೋ ಏನೋ."

"ಅಂಟಲ್ಲ ಡಾಕ್ಟ್ರೇ," ಎಂದಳು ಡುಫಿಯೆ. ಹತ್ತು ನಿಮಿಷ ತಡೆದಿಟ್ಟ ದನಿ ಕಟ್ಟೆಯೊಡೆದ ಹಾಗೆ ಬಂತು. "ನಾಲ್ಕನೇ ಕುರ್ಚೀಲಿ ನಮ್ಮ ನಾದಿನಿ ಕೂತಿದ್ಳು. ಅವಳಿಗೆ ನಾನು ಎರಡು ಕೈ ಇದ್ದಾಗಲೂ ಕೈ ಕೊಟ್ಟಿಲ್ಲ. ಅವಳ ಪಕ್ಕದಲ್ಲಿ ಅವಳ ಇಬ್ಬರು ತಂಗೀರು."

ಡಾಕ್ಟರ್ ಬೊನ್ಸು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು. "ಆಂಟಿ, ವಿಷಯ ಆರಿಸೋಕೆ ಈ ಏಳು ಸಾಕು. ಕೈ ಮಾಡೋಕೆ ಸಾಲದು. ಈ ಮಕ್ಕಳು ವರ್ಷವೆಲ್ಲ ಬಡಿದಾಡಿದ್ರೂ ಕೊನೇಲಿ ಹಿಡಿದು ಬಿಡೋ ಒಂದು ಒರಟು ಕೈ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ಸುಳ್ಳು ಆಸೆ ಕೊಡಲ್ಲ ನಾನು."

"ಒರಟಾಗಿರ್ಲಿ ಬಿಡಿ. ಕಳಚಿ ಬರದಿದ್ರೆ ಸಾಕು."

ಫಾರಮ್ಮಿನ ಮೇಲೆ ಸೆಚಿವಾ ವಿಷಯ ಬರೆದಳು, ಮೂವರೂ ಸಹಿ ಹಾಕಿದರು. ಯಾಕುಬು ತನ್ನ ಮೊಟ್ಟೆ ಪೆಟ್ಟಿಗೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಓದು ಮುಗಿದ ಮೇಲೆ ಅಪ್ಪನಿಗೆ ನಾನೇ ಮಾಡಿಕೊಡ್ತೀನಿ," ಎಂದ. ಪ್ರತಿ ಗುರುವಾರ ಹೊಸದಾಗಿ ಹೆಣೆಯಬೇಕು, ಬೆಣ್ಣೆ ಮುಟ್ಟಿಸಬಾರದು ಎಂದು ಅಚಿಯಾಳಿಗೆ ತಾಕೀತು ಮಾಡಿದ. ಪ್ರತಿ ಗುರುವಾರ ನೀನು ಬಂದು ಚುಕ್ಕಿ ಇಟ್ಟರೆ ಮಾತ್ರ ಎಂದಳು ಅವಳು.

ಅಂಗಡಿಗೆ ಮರಳುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಶನಿವಾರದ ಸಾವಿನ ಕಾರ್ಯಗಳಿಗೆ ಹೋಗಬೇಕಾದ ಹೆಂಗಸರು ಬೆಂಚು ತುಂಬ ಕೂತು ಗೊಣಗುತ್ತಿದ್ದರು. ಮೊದಲನೆಯವಳ ಕೂದಲಿಗೆ ಅಚಿಯಾ ಬೆರಳು ಹಾಕಿದಳು. ಡುಫಿಯೆಯ ತಲೆಯ ಅಂಟು ಅಷ್ಟರಲ್ಲಿ ಒಣಗಿ ಅವಲಕ್ಕಿಯ ಹಾಗೆ ಉದುರುತ್ತಿತ್ತು, ಅದನ್ನು ಕೆರೆದ ಬಾಚಣಿಗೆಗಳಿಗೂ ಮೆತ್ತಿಕೊಂಡಿತ್ತು.

"ನಡು ಬೈತಲೆ ಇನ್ನೊಂದು ಚೂರು ಬಲಕ್ಕೆ," ಎಂದು ಅಚಿಯಾಳಿಗೆ ಹೇಳಿ ಡುಫಿಯೆ ಹೊಸ್ತಿಲ ಹೊರಗೆ ಕೂತಳು. ಬೋಗುಣಿಗೆ ನೀರು ಸುರಿದಳು, ಸೋಪಿನ ಪುಡಿ ಕದಡಿದಳು. ಬಾಚಣಿಗೆಯೊಂದನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಗಳ ಸಂದಿಯನ್ನು ಒಂದೊಂದಾಗಿ ಉಜ್ಜಿದಳು. ನೀರಿಗೆ ಅದ್ದಿ, ಕೊಡವಿ, ಬಿಸಿಲಿಗೆ ಹಾಸಿದ ಟವಲಿನ ಮೇಲಿಟ್ಟು, ಮುಂದಿನದನ್ನು ಎತ್ತಿಕೊಂಡಳು.